ಓದಿಗೆ ತುಂಬಿದ ಉಡಿ

ಮರಗಮ್ಮ ತಾಯಿಯ ಬಾಗಿಲಿಗೆ ನಡೆದುಕೊಳ್ಳುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಬಾಳೆಗೊನೆಯ ದಂಟಿಗೆ ಕೊಯ್ತಾ, ಅಂದರೆ ಮಚ್ಚು, ಬಿದ್ದಾಗ ಬರುವ ಸದ್ದು ಕಮಲಾಪುರದಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದ ಪರಿಚಯ. ಹಸಿಯಾದ, ಮೆತ್ತಗಿನ, ಒಂದೇ ಏಟಿನ ಸದ್ದು. ಕಳೆದ ಶ್ರಾವಣದಲ್ಲಿ ನಮ್ಮೂರ ಬಸ್ ನಿಲ್ದಾಣದಲ್ಲಿ ಅದೇ ಸದ್ದು ಒಬ್ಬ ಹುಡುಗಿಯ ಹೆಗಲಿನಿಂದ ಬಂತು. ನಾನು ಅವಳಿಂದ ಒಂದು ಮೊಳ ದೂರದಲ್ಲಿದ್ದೆ. ಅದಕ್ಕೂ ಮೊದಲು ಬಿದ್ದ ಏಟು ನನ್ನ ಎಡ ಮುಂಗೈಯಲ್ಲಿ ಈಗಲೂ ಕೆಂಪು ಗೆರೆಯಾಗಿ ಉಳಿದಿದೆ.

ವರ್ಷ ಆಗುತ್ತ ಬಂತು. ತರಗತಿಯಲ್ಲಿ ಯಾರಾದರೂ ಬೆಂಚು ಎಳೆದರೆ ನನ್ನ ಮಾತು ನಿಲ್ಲುತ್ತದೆ. ಬಸ್ಸು ಹತ್ತುವಾಗ ಮೊದಲ ಮೆಟ್ಟಿಲಲ್ಲಿ ನಿಂತು ಹಿಂದೆ ನೋಡುತ್ತೇನೆ. ಭಜನಾ ಸಂಘದ ಹಿರಿಯರು, “ಎದಿಯಾಗ ಇಟ್ಕೊಂಡು ಕುಂದರಬ್ಯಾಡ. ತಾಯಿ ಮಾಡಿದ್ದನ್ನ ಬರದು ನಾಲ್ಕು ಮಂದಿಗಿ ಹೇಳು” ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತಪ್ಪಿನಿಂದಲೇ ಶುರು ಮಾಡಬೇಕು.

ನನ್ನ ಹೆಸರು ಸುವರ್ಣಾ. ಕಲಬುರಗಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಲ್ಲಿಯೇ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಬಾಡಿಗೆ ಮನೆ. ಶ್ರಾವಣದ ಶುಕ್ರವಾರಗಳಲ್ಲಿ ಮಾತ್ರ ತಪ್ಪದೆ ಊರಿಗೆ ಹೋಗುತ್ತೇನೆ. ನಮ್ಮ ಓಣಿಯ ಮರಗಮ್ಮನಿಗೆ ಹರಕೆ ಹೊತ್ತವರು ಸೀರೆ ಏರಿಸುತ್ತಾರೆ. ಪೂಜೆ ಮುಗಿದ ಮೇಲೆ ಆ ಸೀರೆಗಳನ್ನು ಗುಡಿಯ ಕಟ್ಟೆಯ ಮೇಲೆ ಸವಾಲಿಗೆ ಹಚ್ಚುತ್ತಾರೆ. ತಾಯಿ ಉಟ್ಟ ಸೀರೆ ಎಂದು ಹೆಂಗಸರು ಪೈಪೋಟಿಯಿಂದ ಬೆಲೆ ಕೂಗಿ ಕೊಳ್ಳುತ್ತಾರೆ. ಆ ಹಣದಲ್ಲಿ ಪ್ರತಿ ವರ್ಷ ಹುಗ್ಗಿ ಊಟ ಆಗುತ್ತಿತ್ತು. ಕಳೆದ ಸಲ ಅದನ್ನು ಓಣಿಯ ಒಬ್ಬ ಬಡ ಹುಡುಗಿಯ ಯುನಿವರ್ಸಿಟಿಯ ಮೊದಲ ವರ್ಷದ ಖರ್ಚಿಗೆ ಕೊಡೋಣ ಎಂದು ಹೇಳಿದವಳು ನಾನು.

ಭಜನಾ ಸಂಘದ ಹಿರಿಯರಾದ ಗೌರಾಬಾಯಿ, ಕಿರಾಣಿ ಅಂಗಡಿಯವರು. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು.

“ಹುಗ್ಗಿ ಉಂಡು ಉಂಡು ನಮ್ಮ ಹೊಟ್ಟಿ ಗುಡಿ ಗೋಪುರಕಿಂತ ದೊಡ್ಡು ಆಗ್ಯಾವ. ಈ ವರ್ಷ ಒಂದು ಹುಡುಗಿ ತಲಿ ತುಂಬಸೋಣ ತಗೋ. ಆದರ ರೊಕ್ಕ ಕೈಯಾಗ ಕೊಡೂದು ಬ್ಯಾಡ. ಕೈಯಾಗ ಕೊಟ್ಟರ ಭಿಕ್ಷಾ ಆಗ್ತದ. ಉಡ್ಯಾಗ ಹಾಕಿದರ ತವರುಮನಿ.”

ಆ ಮಾತು ನನಗೆ ಎಷ್ಟು ಇಷ್ಟವಾಯಿತು ಎಂದರೆ ಮುಂದಿನದನ್ನು ಯೋಚಿಸಲೇ ಇಲ್ಲ.

ಹುಡುಗಿ ಮಹಾನಂದಾ. ಊರ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಕಲಬುರಗಿಯ ಕುಸನೂರ ಹತ್ತಿರದ ಯುನಿವರ್ಸಿಟಿಯಲ್ಲಿ ಗಣಿತದ ಎಂ.ಎಸ್ಸಿ.ಗೆ ಸೀಟು ಪಡೆದಿದ್ದಳು. ತಂದೆ ಅವಳು ಮೂರನೆಯ ಇಯತ್ತೆಯಲ್ಲಿದ್ದಾಗಲೇ ತೀರಿಹೋಗಿದ್ದ. ತಾಯಿ ಕಾಶಿಬಾಯಿ ಬಾಳೆತೋಟಗಳಲ್ಲಿ ಗೊನೆ ಹೊರುವ ಕೂಲಿ. ಅವರಿಗೆ ಆಸರೆ ಎಂದರೆ ಕಾಶಿಬಾಯಿಯ ತಮ್ಮ ಧೂಳಪ್ಪ. ಕೆಂಪು ಬಾಳೆಯ ಗೊನೆ ಕಡಿದು, ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಹೇರಿ ಕಲಬುರಗಿ ಮಾರ್ಕೆಟ್ಟಿಗೆ ಹಾಕುತ್ತಿದ್ದ. ಸುಳ್ಳು ಹೇಳಬಾರದು: ಆ ಮನೆಗೆ ಜೋಳ ತಂದವನು ಅವನು, ಮಹಾನಂದಾಳ ಶಾಲೆಯ ಬೂಟು ತಂದವನೂ ಅವನೇ. ಅವಳು ಮೈನೆರೆದ ದಿನದಿಂದ, ಸೋದರಮಾವನಾದ ತನಗೇ ಅವಳು ಎಂದು ಅವನು ಹೇಳಿಕೊಂಡು ಬಂದಿದ್ದ. ಅವಳಿಗಿಂತ ಹದಿನಾರು ವರ್ಷ ದೊಡ್ಡವನು. ಡಿಗ್ರಿ ಮುಗಿಯಲಿ ಎಂದು ಕಾದಿದ್ದ. ಮಹಾನಂದಾ ತಾಯಿಗೆ ಒಲ್ಲೆ ಎಂದು ಹೇಳಿದ್ದಳು. ತಾಯಿ ಆ ಮಾತನ್ನು ತಮ್ಮನಿಗೆ ಮುಟ್ಟಿಸಿರಲಿಲ್ಲ.

ನಮ್ಮ ಕಡೆ ಮದುವೆಯಾಗದ ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಹಸಿರು ಸೀರೆ ಉಡಿಸಿ, ಮಂದಿಯ ಮುಂದೆ ಉಡಿ ತುಂಬಿದರೆ ಏನರ್ಥ ಎಂದು ನಿಮಗೆ ಹೇಳಬೇಕಿಲ್ಲ. ನಿಶ್ಚಯವಾಯಿತು ಎಂದರ್ಥ. ಸೋದರಮಾವನನ್ನು ಕರೆಯದೆ ತುಂಬಿದರೆ, ಹುಡುಗಿ ಬೇರೆ ಮನೆಗೆ ಹೋದಳು ಎಂದರ್ಥ. ಎಂ.ಎ. ಓದಿದ ನಾನು ಅದನ್ನು ಹಳೆಯ ಕಾಲದ ಮಾತು ಎಂದು ಮರೆತಿದ್ದೆ. ಸಂಘದ ಹಿರಿಯರು, ಮನೆಯವರೇ ಮಾವನಿಗೆ ಹೇಳಿರುತ್ತಾರೆ ಬಿಡು ಎಂದು ಸುಮ್ಮನಿದ್ದರು. ನಾನು ಒಂದು ಸಲ ಕೇಳಿದ್ದು ಮಾತ್ರ ನೆನಪಿದೆ.

“ಕಾಶಿಬಾಯಿ, ನಿಮ್ಮ ತಮ್ಮಗ ಹೇಳೀರೇನು?”

“ಹೇಳ್ತೀನ್ರಿ ಮೇಡಂ.”

ಹೇಳ್ತೀನಿ ಅಂದಳು, ಹೇಳೀನಿ ಅನ್ನಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಹಾನಂದಾಳಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಬುಸದ ಕಣ, ಅದರ ಮೇಲೆ ಹಣದ ಲಕೋಟೆ. ಗೌರಾಬಾಯಿಯ ಮಗ ವೀರೇಶ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮಹಾನಂದಾ ಮೆಲ್ಲಗೆ ನನ್ನ ಕಿವಿಯಲ್ಲಿ, “ಅಕ್ಕಾ, ಅಕ್ಕಿ ಭಾಳ ಆತು. ಹಾಸ್ಟೆಲ್‌ನಾಗ ತಿಂಗಳಗಟ್ಲೆ ಅನ್ನ ಮಾಡ್ಕೊಂಡು ಉಣ್ಣಬಹುದು” ಅಂದಳು.

ಗೌರಾಬಾಯಿಯ ಕಿವಿ ಚುರುಕು. “ಉಣ್ಣು, ಉಂಡು ಲೆಕ್ಕ ಮಾಡು. ನಮ್ಮ ಓಣಿಗಿ ಒಬ್ಬಾಕಿ ಲೆಕ್ಕದ ಮಾಸ್ತರಿಣಿ ಬೇಕಾಗ್ಯಾಳ” ಅಂದರು. ಎಲ್ಲರೂ ನಕ್ಕೆವು. ಆ ನಗುವಿನ ಫೋಟೋ ಸಂಜೆಯೊಳಗೆ ಅರ್ಧ ಊರಿನ ಮೊಬೈಲ್ ಸ್ಟೇಟಸ್‌ನಲ್ಲಿ ಇತ್ತು.

ಸೋಮವಾರ ಪ್ರವೇಶಕ್ಕೆ ಕೊನೆಯ ದಿನ. ಗದ್ದಲ ಬೇಡವೆಂದು ಶನಿವಾರವೇ ಮುಗಿಸಲು ಹೊರಟೆವು. ಬೆಳಿಗ್ಗೆ ಬೀದರ್ ಕಡೆಯಿಂದ ಬಸ್ಸು ಬಂತು. ಮಹಾನಂದಾ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಎದೆಗೆ ಅವುಚಿದ ಚೀಲದಲ್ಲಿ ಮೂಲ ಅಂಕಪಟ್ಟಿಗಳು, ಲಕೋಟೆ. ಹಿಂದೆ ನಾನು. ಕಾಶಿಬಾಯಿ ರೊಟ್ಟಿಯ ಗಂಟು ಹಿಡಿದು ಇನ್ನೂ ಹತ್ತು ಹೆಜ್ಜೆ ದೂರ ಇದ್ದಳು.

ಮಹಾನಂದಾ ಒಳಗೆ ಹತ್ತಲಿಲ್ಲ. ಜಡೆ ಹಿಡಿದು ಯಾರೋ ಹಿಂದಕ್ಕೆ ಎಳೆದರು. ಅವಳ ಬೆನ್ನು ಮೆಟ್ಟಿಲ ಕಬ್ಬಿಣಕ್ಕೆ ಬಡಿದು, ದೇಹ ನನ್ನ ಮೇಲೆ ಬಿತ್ತು. ತಿರುಗಿದರೆ ಧೂಳಪ್ಪ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನಸುಕಿನಲ್ಲಿ ಮಾರ್ಕೆಟ್ಟಿನಲ್ಲಿ ಗಾಡಿ ಇಳಿಸುವಾಗ ಯಾರೋ ಹಮಾಲಿ ಫೋಟೋ ತೋರಿಸಿ, “ಏ ಧೂಳ್ಯಾ, ನಿನ್ನ ಹುಡುಗಿಗಿ ಯಾರೋ ಉಡಿ ತುಂಬ್ಯಾರಲ್ಲೋ. ನೀ ಬಾಳಿಗೊನಿ ತುಂಬಕೋತ ಇರು” ಎಂದು ಕೆಣಕಿದ್ದನಂತೆ. ಅರ್ಧ ಇಳಿಸಿದ ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಬಂದಿದ್ದ. ಇದೆಲ್ಲ ನಮಗೆ ಆಮೇಲೆ ತಿಳಿಯಿತು.

“ಯಾರಂವ, ಫೋಟೋದಾಗ ಬಾಜೂಕ ನಿಂತಾಂವ? ಯಾರ ಮನಿಯವರು ತುಂಬ್ಯಾರ? ಹೇಳು!”

“ಮಾವಾ, ಫೀ ಕೊಟ್ಟಾರ. ಬರೇ ಫೀ.”

“ಹಸರ ಸೀರಿ ಉಟ್ಟು, ಮಣಿ ಮ್ಯಾಲೆ ಕುಂತು ಫೀ ಇಸ್ಕೋತಾರೇನ? ನನಗ ಹುಚ್ಚ ಮಾಡ್ತಿ?”

ಕೆನ್ನೆಗೆ ಹೊಡೆದ. ಮತ್ತೆ ಹೊಡೆದ. ಮೂರನೆಯ ಏಟಿಗೆ ಅವಳ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಜಡೆ ಮಾತ್ರ ಅವನ ಮುಷ್ಟಿಯಲ್ಲೇ ಇತ್ತು. ಚೀಲವನ್ನು ಅವಳು ಬಿಟ್ಟಿರಲಿಲ್ಲ.

“ಧೂಳಪ್ಪಣ್ಣಾ, ಕೈ ಬಿಡ್ರಿ. ಇದು ಓದಿಗೆ ಕೊಟ್ಟಿದ್ದು. ನಿಮಗ ಹೇಳದೇ ಮಾಡಿದ್ದು ನನ್ನ ತಪ್ಪು” ಅಂದೆ.

“ನಿಂದೇ ತಪ್ಪು, ಮೇಡಂ. ಸೀರಿ ಸವಾಲಿಗಿ ಹಚ್ಚಿದಂಗ ನನ್ನ ಮನಿ ಹುಡುಗಿನ ಸವಾಲಿಗಿ ಹಚ್ಚೀದಿ!”

ಅವನ ಮೊಣಕೈ ನನ್ನ ಎದೆಗೆ ಬಡಿಯಿತು. ನೆಲಕ್ಕೆ ಬಿದ್ದೆ. ಉಸಿರು ಸಿಗಲಿಲ್ಲ. ಅವನು ಜಡೆ ಬಿಟ್ಟು ಗಾಡಿಯ ಕಡೆ ನಡೆದ. ಮುಗಿಯಿತು ಅಂದುಕೊಂಡೆ. ಈಗಲೂ ನಾನು ಮತ್ತೆ ಮತ್ತೆ ತಿರುಗಿ ಹೋಗುವುದು ಆ ಗಳಿಗೆಗೇ. ಆಗ ಅವಳನ್ನು ಬಸ್ಸಿನೊಳಗೆ ದೂಡಿ ಬಾಗಿಲು ಹಾಕಿಸಬಹುದಿತ್ತು. ನಾನು ನೆಲದ ಮೇಲೆ ಬಿದ್ದ ಕನ್ನಡಕ ಹುಡುಕುತ್ತಿದ್ದೆ.

ಅವನು ಗೊನೆಗಳ ಕೆಳಗಿನಿಂದ ಕೊಯ್ತಾ ಎಳೆದುಕೊಂಡು ಬಂದ.

ಮೊದಲ ಏಟು ಬಸ್ಸಿನ ಬಾಗಿಲಿಗೆ ಬಿತ್ತು. ಗಾಜು ಸಿಡಿದು ಕಂಡಕ್ಟರನ ಮುಖಕ್ಕೆ ಚುಚ್ಚಿತು. ಎರಡನೆಯದಕ್ಕೆ ನಾನು ಅಡ್ಡ ಕೈ ಹಿಡಿದೆ. ಧೈರ್ಯದಿಂದ ಅಲ್ಲ, ಕೈ ತಾನಾಗಿ ಎದ್ದಿತು. ನೋವಾಗಲಿಲ್ಲ, ಕೈ ಬಿಸಿಯಾಯಿತು ಅಷ್ಟೆ. ಮೂರನೆಯದು ಮಹಾನಂದಾಳ ಬಲ ಹೆಗಲಿಗೆ. ಆಗಲೇ ಆ ಸದ್ದು. ಅವಳು ಬಸ್ಸಿನ ಹಿಂದಿನ ಚಕ್ರಕ್ಕೆ ಬೆನ್ನು ಹಚ್ಚಿ ಕುಸಿದಳು. ಸುತ್ತ ಐವತ್ತು ಜನ ಇದ್ದರು. ಹಲವರ ಕೈಯಲ್ಲಿ ಮೊಬೈಲ್ ಎತ್ತರಕ್ಕಿತ್ತು. ಧೂಳಪ್ಪ ಕೊಯ್ತಾವನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿದ. ಅದು ಕುತ್ತಿಗೆಗೆ ಎತ್ತಿದ ಕೈ ಎಂದು ನನಗೆ ಗೊತ್ತಾಯಿತು. ಗೊನೆ ಕಡಿಯುವವರು ಕೊನೆಯ ಏಟಿಗೆ ಹಾಗೆಯೇ ನಿಲ್ಲುತ್ತಾರೆ.

ನಾನು ಆಗ ಬೇಡಿದ್ದು ಇಷ್ಟೇ: “ತಾಯೀ, ಇದು ನಿನ್ನ ಹೆಸರಿನಲ್ಲಿ ತುಂಬಿದ ಉಡಿ. ತುಂಬಿಸಿದವಳು ನಾನು. ಕೇಳುವುದಿದ್ದರೆ ನನ್ನನ್ನು ಕೇಳು. ಅವಳನ್ನು ಬಿಡು.” ಬಾಯಿಯಿಂದ ಹೇಳಿದೆನೋ ಮನಸ್ಸಿನಲ್ಲೋ ತಿಳಿಯದು.

ಕಾಶಿಬಾಯಿ ನಡುವೆ ಬಂದು ನಿಂತಳು.

ಆ ಹೆಂಗಸು ತಮ್ಮನ ಎದುರು ದನಿ ಎತ್ತಿದ್ದನ್ನು ಯಾರೂ ಕಂಡವರಲ್ಲ. ಅವನ ಜೋಳ ಉಂಡ ಋಣಕ್ಕೆ ತಲೆ ತಗ್ಗಿಸಿಯೇ ಬದುಕಿದವಳು. ಅವಳು ಅವನ ಕೈ ಹಿಡಿಯಲಿಲ್ಲ, ಕಾಲಿಗೂ ಬೀಳಲಿಲ್ಲ. ಸೆರಗಿನ ಎರಡು ತುದಿ ಹಿಡಿದು, ನಾವು ತಾಯಿಯ ಮುಂದೆ ಒಡ್ಡುವ ಹಾಗೆ, ಅವನ ಮುಂದೆ ಉಡಿ ಒಡ್ಡಿದಳು.

“ತಮ್ಮಾ, ನಾ ನಿನ್ನ ಅಕ್ಕ ಹೌದಿಲ್ಲೋ? ಈ ಪಂಚಮಿಗಿ ನೀ ನನಗ ಉಡಿ ತುಂಬಲಿಲ್ಲ. ಈಗ ತುಂಬು. ಕೈಯಾಗ ಏನೈತಿ ಅದನ್ನ ಹಾಕು.”

ಕೊಯ್ತಾ ಮೇಲೆಯೇ ಇತ್ತು.

“ಆ ಕಡಿ ಸರಿ” ಅಂದ.

“ಅಕ್ಕ ಉಡಿ ಒಡ್ಯಾಳ. ಬರೇ ಉಡೀಲೇ ಕಳಸ್ತಿ? ಹಾಕು.”

ನಮ್ಮ ಸೀಮೆಯಲ್ಲಿ ಆಸ್ತಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರಿದ್ದಾರೆ, ಕುಡಿದು ಬಿದ್ದವರಿದ್ದಾರೆ, ಅಕ್ಕನ ಮನೆಯ ನೀರು ಮುಟ್ಟದವರಿದ್ದಾರೆ. ಅಕ್ಕ ಒಡ್ಡಿದ ಉಡಿಯನ್ನು ಬರಿದಾಗಿ ತಿರುಗಿಸಿದವನನ್ನು ನಾನು ಕೇಳಿಲ್ಲ. ಧೂಳಪ್ಪನ ಕೈ ಇಳಿಯಿತು. ಮಗಳ ರಕ್ತ ಹತ್ತಿದ ಕೊಯ್ತಾ ತಾಯಿಯ ಸೆರಗಿಗೆ ಬಿತ್ತು. ಭಾರಕ್ಕೆ ಅವಳ ಕೈಗಳು ಒಮ್ಮೆ ಜಗ್ಗಿದವು. ಸೆರಗು ಸುತ್ತಿ, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಕಡೆ ತಿರುಗಿದಳು.

ಇದನ್ನು ಹಲವರು ಹಲವು ರೀತಿ ವಿವರಿಸಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರು ಮನಶ್ಶಾಸ್ತ್ರದ ಮಾತು ಹೇಳಿದರು. ಇರಬಹುದು. ಆದರೆ ಎರಡು ದಿನದ ನಂತರ ನಾನು ಕಾಶಿಬಾಯಿಗೆ ಆ ಮಾತು ನೆನಪಿಸಿದಾಗ ಅವಳು ನನ್ನ ಮುಖ ನೋಡಿ, “ನಾ ಹಂಗ ಅಂದೆನೇನ್ರಿ? ನನಗ ಖೂನ ಇಲ್ಲ, ನೆನಪೇ ಇಲ್ಲ. ಬಾಯಿ ಒಣಗಿತ್ತು, ಅಷ್ಟ ಗೊತ್ತು” ಅಂದಳು. ಆ ಬಾಯಲ್ಲಿ ಮಾತಾಡಿದವಳು ಯಾರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕೊಯ್ತಾ ಹೋದ ಮೇಲೆ ಜನರಿಗೆ ಧೈರ್ಯ ಬಂತು. ಮೊಬೈಲ್ ಹಿಡಿದ ಕೈಗಳೇ ಚಪ್ಪಲಿ ಹಿಡಿದವು, ಕಲ್ಲು ಹಿಡಿದವು. ಅವನನ್ನು ಕೆಡವಿ ಮುಖಕ್ಕೆ ಒದ್ದರು. ಒಬ್ಬ ಬಾಳೆಯ ದಂಟಿನಿಂದ ಬಾರಿಸುತ್ತಿದ್ದ. ಅವನ ಹಲ್ಲೊಂದು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ಮುಚ್ಚಿಡುವುದಿಲ್ಲ: ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಇನ್ನೂ ಹೊಡೆಯಲಿ ಅನ್ನಿಸಿತು. ತಾಯಿಯ ಮುಂದೆ ನಿಂತಾಗ ನಾನು ಕ್ಷಮೆ ಕೇಳುವುದು ಅದಕ್ಕೆ. ಪೊಲೀಸರು ಬಂದು ಅವನನ್ನು ಜನರ ಕೈಯಿಂದ ಬಿಡಿಸಿಕೊಂಡು ಹೋದರು.

ಊರ ಆಸ್ಪತ್ರೆಯ ನರ್ಸ್ ಓಡಿ ಬಂದು ಹೆಗಲಿಗೆ ಬಟ್ಟೆ ಒತ್ತಿ ಕಟ್ಟಿದರು. ಆಂಬುಲೆನ್ಸ್ ಹೆರಿಗೆಗೆಂದು ಕಲಬುರಗಿಗೆ ಹೋಗಿತ್ತು. ಬಸ್ಸಿನ ಡ್ರೈವರ್, ಬಿಳಿ ಗಡ್ಡದ ಸಾಬರು, ಸೀಟಿನಿಂದ ಇಳಿದು ಬಂದರು.

“ಆಂಬುಲೆನ್ಸ್ ಯಾಕ ಕಾಯ್ತೀರಿ? ಇಷ್ಟು ದೊಡ್ಡ ಗಾಡಿ ನಿಂತದ ಇಲ್ಲಿ. ಎತ್ರಿ ಹುಡುಗಿಗೆ. ಸೀದಾ ದವಾಖಾನಿ, ನಡುವ ಎಲ್ಲೂ ನಿಲ್ಲಂಗಿಲ್ಲ.”

ಹಿಂದಿನ ಸೀಟಿನ ಮುದುಕಿಯೊಬ್ಬಳು, “ಯಪ್ಪಾ, ನಾ ನಡುದಾರ್‍ಯಾಗ ಇಳಿಯಾಕಿ” ಅಂದಳು.

“ಇವತ್ತು ಕಲಬುರಗಿ ನೋಡ್ಕೊಂಡು ಬಾ ಅಮ್ಮಾ. ಟಿಕೆಟ್ ಮಾಫ್.”

ಒಂದು ತಾಸಿನ ದಾರಿ. ಮಹಾನಂದಾ ಉದ್ದ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ರಕ್ತ ಸೀಟಿನ ಅಂಚಿನಿಂದ ತೊಟ್ಟಿಕ್ಕಿ ಬಸ್ಸು ವಾಲಿದ ಕಡೆಗೆ ಹರಿಯುತ್ತಿತ್ತು. ಅವಳ ಕಣ್ಣು ಮುಚ್ಚಿದಾಗಲೆಲ್ಲ ಡ್ರೈವರ್ ಕನ್ನಡಿಯಲ್ಲಿ ನೋಡಿ, “ಆಂಖಾ ನಕ್ಕೊ ಮೂಂದೋ ಬೇಟಾ! ಕಣ್ಣು ತಗಿ! ಹದಿನೇಳರ ಮಗ್ಗಿ ಹೇಳು, ಎಂ.ಎಸ್ಸಿ. ಅಂತ!” ಎಂದು ಕೂಗುತ್ತಿದ್ದರು. ಅವಳು ಹೇಳಿದಳು. ಹದಿನೇಳು ಆರಲೆ ಎಂಬಲ್ಲಿ ನಿಲ್ಲಿಸಿದಳು. ಹಿಂದಿನ ಸೀಟಿನ ಮುದುಕಿ “ಮುಂದ? ಮುಂದ?” ಎಂದು ಅಳುತ್ತ ಕೇಳುತ್ತಿದ್ದಳು. ನಾನು ಮರಗಮ್ಮನ ಹೆಸರು ಬಿಟ್ಟು ಬೇರೆ ಏನನ್ನೂ ಹೇಳಲಿಲ್ಲ.

ಕಲಬುರಗಿಯ ಸರ್ಕಾರಿ ದವಾಖಾನೆಯಲ್ಲಿ ಅವಳನ್ನು ಒಳಗೆ ಒಯ್ದರು. ನನ್ನ ಕೈಗೂ ಹೊಲಿಗೆ ಬಿತ್ತು. ಸಂಜೆ ಡಾಕ್ಟರ್ ಹೊರಬಂದು, ಏಟು ಮೂಳೆಗೆ ತಾಗಿ ನಿಂತಿದೆ, ದೊಡ್ಡ ರಕ್ತನಾಳ ಉಳಿದಿದೆ, ಜೀವಕ್ಕೆ ಭಯವಿಲ್ಲ ಅಂದರು. ಬಲಗೈ ಮೊದಲಿನಂತೆ ಆಗಲು ತಿಂಗಳುಗಳು ಬೇಕು, ಪೂರ್ತಿ ಆಗುತ್ತದೆಂದು ಹೇಳಲಾರೆ ಎಂದರು.

ಬೇಡಿದ್ದು ಸಿಕ್ಕಿತು ಎಂದು ನಾನು ಅಲ್ಲೇ ಗೋಡೆಗೆ ಹಣೆ ಹಚ್ಚಿದೆ. ಆದರೆ ಭಾನುವಾರ ಬೆಳಿಗ್ಗೆ ಮಹಾನಂದಾ ಛಾವಣಿ ನೋಡುತ್ತ, “ಅಕ್ಕಾ, ಲಕೋಟಿ ಮರಗಮ್ಮ ತಾಯಿಗಿ ವಾಪಸ್ ಕೊಟ್ಟುಬಿಡ್ರಿ. ನನಗ ಯುನಿವರ್ಸಿಟಿ ಬ್ಯಾಡ” ಅಂದಳು. ಯಾಕೆ ಎಂದು ಕೇಳಿದೆ. ಅವಳ ದೃಷ್ಟಿ ತಾಯಿಯ ಸೊಂಟದ ಕಡೆ ಹೊರಳಿತು.

ಕೊಯ್ತಾ ಇನ್ನೂ ಅಲ್ಲೇ ಇತ್ತು. ಕಾಶಿಬಾಯಿ ಸೀರೆ ಬದಲಿಸಿರಲಿಲ್ಲ, ಗಂಟು ಬಿಚ್ಚಿರಲಿಲ್ಲ. ತಾವೂ ಹೊಡೆದಿದ್ದರಿಂದ ಮೊಬೈಲ್ ಹಿಡಿದವರು ಯಾರೂ ಪೊಲೀಸರಿಗೆ ವಿಡಿಯೊ ತೋರಿಸಿರಲಿಲ್ಲ. ಪೊಲೀಸರು ಬಾಳೆಯ ಗಾಡಿಯನ್ನೆಲ್ಲ ಜಾಲಾಡಿ, ಆಯುಧ ಸಿಗಲಿಲ್ಲವೆಂದು ಎರಡು ಸಲ ಬಂದು ಕೇಳಿ ಹೋಗಿದ್ದರು. ಅವಳು ಎರಡೂ ಸಲ ನೆಲ ನೋಡುತ್ತ ಸುಮ್ಮನೆ ಕುಳಿತಿದ್ದಳು. ನಾನು ಹೇಳಬಹುದಿತ್ತು. ಹೇಳಲಿಲ್ಲ. ಅದು ಅವಳ ಉಡಿ, ಬಿಚ್ಚಬೇಕಾದವಳು ಅವಳು ಅನ್ನಿಸಿತು. ತಮ್ಮನನ್ನು ಉಳಿಸಿಕೊಳ್ಳಲು ಮುಚ್ಚಿಡುತ್ತಾಳೆ ಎಂದು ಮಗಳಿಗೂ ಅನ್ನಿಸಿತ್ತು. ಮುಚ್ಚಿಟ್ಟರೆ ಅವನು ಬೇಗ ಹೊರಗೆ ಬರುತ್ತಾನೆ. ಬಂದರೆ ಕುಸನೂರೇನು, ಭೂಮಿಯ ಯಾವ ಮೂಲೆಯಲ್ಲೂ ಅವಳು ಓದುವಂತಿಲ್ಲ.

ಮಧ್ಯಾಹ್ನ ಸಂಬಂಧಿಕರ ಹಿರಿಯರಿಬ್ಬರು ಮೋಸಂಬಿ ಹಿಡಿದುಕೊಂಡು ಬಂದರು.

“ಕಾಶಿ, ಆಗಿದ್ದು ಆಗಿ ಹೋತು. ಹುಡುಗಿ ಜೀವ ಉಳಿದದ. ಮನಿ ಮಾತು ಮನ್ಯಾಗ ಮುಗಸೋಣ. ಇನ್ನ ಗಾಯದ ಹುಡುಗಿನ ಬ್ಯಾರೆ ಯಾರು ಮಾಡ್ಕೋತಾರ? ಅವನಿಗೇ ಕೊಟ್ಟು ಕೈ ತೊಳಕೋ.”

ಇನ್ನೊಬ್ಬ ದನಿ ತಗ್ಗಿಸಿದ. “ಕೊಯ್ತಾ ನಿನ್ನ ಹಂತ್ಯಾಕ ಐತೆಲ್ಲ? ಕೊಡು ಇಲ್ಲಿ. ಯಾವುದರ ಬಾವ್ಯಾಗ ಒಗದು ಬರ್ತೇವಿ. ಅದು ಇಲ್ಲಂದರ ಕೇಸ್ ನಿಲ್ಲಂಗಿಲ್ಲ.”

ನಾನು ಕಣ್ಣು ಮುಚ್ಚಿ, ನಿನ್ನೆ ಅವಳ ಬಾಯಲ್ಲಿ ಬಂದವಳೇ, ಇವತ್ತೂ ಬಾ ಎಂದು ಬೇಡಿಕೊಂಡೆ. ಕಾಶಿಬಾಯಿ ಎದ್ದಳು. ಕಾರಿಡಾರಿನ ತುದಿಯ ಪೊಲೀಸ್ ಚೌಕಿಗೆ ನಡೆದಳು. ನಾನೂ ಹಿಂದೆ ಹೋದೆ, ಮೋಸಂಬಿಯವರೂ ಬಂದರು. ಮೇಜಿನ ಹಿಂದೆ ಒಬ್ಬ ಮಹಿಳಾ ಪಿಎಸ್ಐ ಬರೆಯುತ್ತ ಕುಳಿತಿದ್ದರು. ಕಾಶಿಬಾಯಿ ಅವರ ಕಾಗದಗಳ ಮೇಲೆಯೇ ಗಂಟು ಬಿಚ್ಚಿದಳು. ಒಣಗಿದ ರಕ್ತಕ್ಕೆ ಸೆರಗು ಅಂಟಿಕೊಂಡಿತ್ತು. ಎಳೆದಾಗ ಬಟ್ಟೆ ಹರಿಯಿತು.

“ಇದು ನನ್ನ ತಮ್ಮ ನನಗ ಹಾಕಿದ ಉಡಿ ರೀ ಬಾಯಾರ. ಹಾಕಿದ್ದಕ್ಕ ನಾ ಅವನ ಋಣದಾಗ ಅದೀನಿ. ಕಡದಿದ್ದಕ್ಕ ನೀವು ಬರ್ಕೋರಿ. ನಾ ಹೇಳ್ತೀನಿ, ಎಲ್ಲಾ ಹೇಳ್ತೀನಿ.”

ಮೋಸಂಬಿ ಚೀಲ ಬೆಂಚಿನ ಮೇಲೆ ಬಿಟ್ಟು ಹಿರಿಯರು ಹೋದರು.

ವಾರ್ಡಿಗೆ ಮರಳಿದಾಗ ಕಾಶಿಬಾಯಿಯ ಸೆರಗಿನಲ್ಲಿ ಅಂಗೈ ಅಗಲದ ತೂತು. ಮಹಾನಂದಾ ಅದನ್ನು ನೋಡಿದಳು. ಆಮೇಲೆ ಕೇಳಿದಳು: “ಅಕ್ಕಾ, ನಾಳಿ ಆಫೀಸ್ ಎಷ್ಟಕ್ಕ ತಗೀತಾರ?”

ಸೋಮವಾರ ಡಾಕ್ಟರ್ ಮೊದಲು ಗದರಿದರು, ಆಮೇಲೆ ಕಾಗದದ ಮೇಲೆ ನನ್ನ ಸಹಿ ಪಡೆದು ಎರಡು ತಾಸಿಗೆ ಬಿಟ್ಟರು. ಆಟೋದಲ್ಲಿ ಕುಸನೂರ ದಾರಿ ಹಿಡಿದೆವು. ಪ್ರತಿ ಉಬ್ಬಿಗೂ ಅವಳು ತುಟಿ ಕಚ್ಚುತ್ತಿದ್ದಳು, ಒಡೆದ ತುಟಿಯಿಂದ ಮತ್ತೆ ರಕ್ತ ಬರುತ್ತಿತ್ತು. ಹಿಂದೆ ಬರುವ ಪ್ರತಿ ಗೂಡ್ಸ್ ಗಾಡಿಯನ್ನೂ ನಾನು ತಿರುಗಿ ನೋಡಿದೆ. ಅವನು ಒಳಗಿದ್ದಾನೆ ಎಂದು ಗೊತ್ತಿದ್ದೂ ನೋಡಿದೆ.

ಕೌಂಟರಿನಲ್ಲಿದ್ದ ಗುಮಾಸ್ತರು ಅಂಕಪಟ್ಟಿಯ ಅಂಚಿನ ಕಂದು ಕಲೆ ನೋಡಿ, ಅವಳ ಕೊರಳಿಗೆ ಕಟ್ಟಿದ ಬಲಗೈ ನೋಡಿ, ಅರ್ಜಿಯ ಹಾಳೆ ಕೊಟ್ಟರು. ಫೀ ಕಟ್ಟಿಯಾಯಿತು. ಅರ್ಜಿ ತುಂಬಿಯಾಯಿತು. ಕೊನೆಗೆ ಸಹಿ. ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಗೆರೆ ಅಡ್ಡಾದಿಡ್ಡಿ ಹೋಯಿತು. ಎರಡನೆಯ ಸಲವೂ ಹಾಗೇ ಆಯಿತು. ಮೂರು ದಿನಗಳಲ್ಲಿ ಮೊದಲ ಸಲ ಅವಳು ಅತ್ತಳು.

“ಎಡಗೈ ಹೆಬ್ಬೆಟ್ಟು ನಡೀತದವ್ವಾ. ಸಾಕ್ಷಿಗಿ ಮೇಡಂ ಅವರು ಸಹಿ ಹಾಕಲಿ” ಎಂದು ಗುಮಾಸ್ತರು ಮಸಿಯ ಪ್ಯಾಡ್ ಮುಂದೆ ಸರಿಸಿದರು.

ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದ ಹುಡುಗಿಗೆ ಹೆಬ್ಬೆಟ್ಟು ಒತ್ತಿ ಗೊತ್ತಿರಲಿಲ್ಲ. ಮಸಿಯಲ್ಲಿ ಅದ್ದಿ ಹಾಗೇ ಒತ್ತಲು ಹೋದಳು. ಕಾಶಿಬಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಕೂಲಿಯ ಪಟ್ಟಿ, ರೇಷನ್ನು, ಗಂಡನ ಮರಣದ ಕಾಗದ, ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿದ ಕೈ ಅದು.

“ಹಂಗ ಒತ್ತಬ್ಯಾಡ, ಮಸಿ ಕೂಡ್ಕೋತದ. ಈ ಕಡಿಯಿಂದ ಆ ಕಡಿ ಉರುಳಸು. ಹಗೂರಕ. ಹಾಂ, ಈಗ ಎತ್ತು.”

ಗೆರೆ ಗೆರೆ ಬಿಡಿಯಾಗಿ ಮೂಡಿತು. ಗುಮಾಸ್ತರು ಊದಿ ಆರಿಸಿ, ರಸೀದಿ ಹರಿದು ಕೊಟ್ಟರು. ಅದನ್ನು ಯಾರ ಕೈಗೆ ಕೊಡಬೇಕೆಂದು ಒಂದು ಕ್ಷಣ ಯೋಚಿಸಿ ಕಾಶಿಬಾಯಿಯ ಕೈಗೆ ಕೊಟ್ಟರು. ನನ್ನ ಹೊಲಿಗೆ ಹಾಕಿದ ಕೈ ಆಗ ಮೊದಲ ಸಲ ನೋಯತೊಡಗಿತು.

ಈಗ ಮಹಾನಂದಾ ಎರಡನೆಯ ವರ್ಷಕ್ಕೆ ಹತ್ತಿರ ಇದ್ದಾಳೆ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಬರೆಯಲು ಅಡ್ಡಿಯಿಲ್ಲ. ಕೇಸ್ ನಡೆದಿದೆ. ನಾನು ಸಾಕ್ಷಿ ಹೇಳಬೇಕು, ಹೇಳುತ್ತೇನೆ. ಭಯ ಹೋಗಿಲ್ಲ. ಅದನ್ನು ತೆಗೆದುಬಿಡು ಎಂದು ನಾನು ತಾಯಿಯನ್ನು ಬೇಡಿಲ್ಲ. ಕುತ್ತಿಗೆಗೆ ಎತ್ತಿದ ಕೊಯ್ತಾವನ್ನು ಸೆರಗಿಗೆ ಇಳಿಸಿದವಳು, ಉಳಿದದ್ದನ್ನು ಹೊರುವ ಶಕ್ತಿ ಕೊಡುತ್ತಾಳೆ. ಅವಳ ಪಾದಕ್ಕೆ ನನ್ನ ಸಾವಿರ ಶರಣು. ಬಿಳಿ ಗಡ್ಡದ ಆ ಡ್ರೈವರ್ ಸಾಬರಿಗೂ ಶರಣು. ಗದ್ದಲದಲ್ಲಿ ಅವರ ಹೆಸರು ಕೇಳಲಿಲ್ಲ.

ಈ ಶ್ರಾವಣದ ಸವಾಲಿನ ಹಣ ಮತ್ತೊಬ್ಬ ಹುಡುಗಿಗೆ ಹೋಗುತ್ತದೆ. ಉಡಿ ತುಂಬುವುದನ್ನು ಬಿಟ್ಟು ಬ್ಯಾಂಕಿಗೆ ಹಾಕಿಬಿಡಿ ಎಂದು ಕೆಲವರು ಹೇಳಿದರು. ಗೌರಾಬಾಯಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಆದರೆ ಹಿಂದಿನ ದಿನವೇ ಹುಡುಗಿಯ ಮನೆಗೆ ನಾವೇ ಹೋಗಿ, ಎಲ್ಲರನ್ನೂ ಕೂಡಿಸಿ, ಇದು ಓದಿಗೆ ಎಂದು ಹೇಳಿ ಬರುತ್ತೇವೆ. ಮೊದಲು ಆ ಹುಡುಗಿಯನ್ನೇ ಕೇಳುತ್ತೇವೆ.

ನೀವೂ ಬನ್ನಿ. ಹುಡುಗಿಯ ಸೋದರಮಾವಂದಿರು ಯಾರಿದ್ದರೂ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಮನಸ್ಸಿಗೆ ಒಗ್ಗದಿದ್ದರೆ ಅಲ್ಲೇ, ತಾಯಿಯ ಎದುರೇ, ಬಾಯಿಂದ ಹೇಳಿ. ಕೇಳಿಸಿಕೊಳ್ಳಲು ನಾವೆಲ್ಲ ಇರುತ್ತೇವೆ.